ಲ್ಯಾಮಿನೇಟ್ ನೆಲವನ್ನು ನಾವೇ ಹಾಸಿಕೊಳ್ಳಬೇಕು

ಜರ್ಮನಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಮನೆಯ ನೆಲ ಬದಲಿಸಬೇಕಾದಾಗ ಮೊದಲು ಕೆಲಸಗಾರರನ್ನು ಹುಡುಕುತ್ತಾರೆ. ಊರಿನ ರೂಢಿಯೇ ಹಾಗೆ: ರೆಡ್ ಆಕ್ಸೈಡ್ ನೆಲವಾಗಲಿ, ಗ್ರಾನೈಟ್ ಆಗಲಿ, ಟೈಲ್ಸ್ ಆಗಲಿ, ಅದು ಮೇಸ್ತ್ರಿಯ ಕೆಲಸ. ಸಿಮೆಂಟು ಗಟ್ಟಿಯಾಗುವುದರೊಳಗೆ ಕರಣೆಯಿಂದ ನುಣುಪು ತರುವ ಕೈಚಳಕ ವರ್ಷಗಳ ಅಭ್ಯಾಸದಿಂದ ಬರುವಂಥದ್ದು. ಅದಕ್ಕೆ ಮನೆಯವರು ಕೈಹಾಕದಿರುವುದೇ ಸರಿ. ಒತ್ತಿದ ಮರದ ನಾರಿನ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಹಾಸುವ ಲ್ಯಾಮಿನೇಟ್ ನೆಲದ ವಿಷಯದಲ್ಲಿ ಮಾತ್ರ ಈ ರೂಢಿಯನ್ನು ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1990ರ ದಶಕದ ಉತ್ತರಾರ್ಧದಲ್ಲಿ, ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚುಗಳು ಬಂದ ಮೇಲೆ ಜೋಡಣೆಯ ಕಷ್ಟವೆಲ್ಲ ಕಾರ್ಖಾನೆಯಲ್ಲೇ ತೀರಿರುತ್ತದೆ. ಮನೆಯವರ ಪಾಲಿಗೆ ಉಳಿಯುವುದು ಅಳೆಯುವುದು, ಕೊಯ್ಯುವುದು ಮತ್ತು ಕಾಯುವುದು. ಹಲಗೆಯ ಒಡಲು ಒತ್ತಿದ ಮರದ ನಾರಾದ್ದರಿಂದ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆದ್ದರಿಂದಲೇ ಕಟ್ಟುಗಳನ್ನು ಬಿಚ್ಚದೆ 48 ಗಂಟೆ ಅದೇ ಕೋಣೆಯಲ್ಲಿ ಇಡಬೇಕು, ಸುತ್ತಲೂ ಗೋಡೆಯಿಂದ ಸುಮಾರು 10 ಮಿ.ಮೀ. ಸಂದು ಬಿಡಬೇಕು. ಗೋಡೆಗೆ ಒತ್ತಿಕೊಂಡ ಟೈಲ್ಸ್ ನೋಡಿ ಬೆಳೆದವರಿಗೆ ಈ ಸಂದು ಕೆಲಸದ ದೋಷವೆನಿಸಬಹುದು. ಗೋಡೆಯ ಬುಡಕ್ಕೆ ಕೂರಿಸುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ, ಸಂದೇ ಇಲ್ಲದಿದ್ದರೆ ನೆಲ ನಡುವೆ ಉಬ್ಬುತ್ತದೆ. ಕೋಣೆಯ ಅಗಲವನ್ನು ಮೊದಲೇ ಲೆಕ್ಕಹಾಕಿ, ಕೊನೆಯ ಸಾಲು 5 ಸೆಂ.ಮೀ.ಗಿಂತ ಕಿರಿದಾಗುವಂತಿದ್ದರೆ ಮೊದಲ ಸಾಲನ್ನೂ ಸ್ವಲ್ಪ ಕೊಯ್ದುಕೊಳ್ಳಬೇಕು.

ಕೊಯ್ಯುವಾಗ ಗರಗಸದ ಹಲ್ಲು ಎತ್ತ ಮುಖಮಾಡಿದೆ ಎಂಬುದನ್ನು ಗಮನಿಸುವುದು ಮುಖ್ಯ. ಜಿಗ್‌ಸಾ ಎಂಬ ವಿದ್ಯುತ್ ಗರಗಸದ ಸಾಧಾರಣ ಬ್ಲೇಡು ಮೇಲಕ್ಕೆ ಬರುವಾಗ ಕೊಯ್ಯುವುದರಿಂದ ಹಲಗೆಯ ಚಂದದ ಮುಖವನ್ನು ಕೆಳಗೆ ಮಾಡಿ ಇಡಬೇಕು, ಇಲ್ಲವಾದರೆ ಅಂಚು ಚಕ್ಕೆಯೇಳುತ್ತದೆ. ಕೈಗರಗಸವಾದರೆ ಚಂದದ ಮುಖ ಮೇಲಿರಬೇಕು. ಹಲಗೆಯನ್ನು ಮಗುಚಿದಾಗ ಎಡ ಬಲಗಳು ಅದಲುಬದಲಾಗುವುದನ್ನು ಗುರುತು ಹಾಕುವಾಗಲೇ ನೆನಪಿಡಬೇಕು. ಇಲ್ಲಿನ ಮನೆಗಳಲ್ಲಿ ನೆಲದಿಂದ ಮೇಲೇಳುವ ಹೀಟರ್ ಕೊಳವೆಗಳ ಬಳಿ ಇದರ ಪರೀಕ್ಷೆಯಾಗುತ್ತದೆ. 15 ಮಿ.ಮೀ. ಕೊಳವೆಗೆ 35 ಮಿ.ಮೀ. ತೂತು ಕೊರೆದು, ತೂತಿನ ಎರಡೂ ಬದಿಯಿಂದ ಗೋಡೆಯ ಕಡೆಯ ಅಂಚಿನವರೆಗೆ ಓರೆಯಾಗಿ ಕೊಯ್ದು, ಹಲಗೆಯನ್ನು ಕೂರಿಸಿದ ಮೇಲೆ ಆ ತುಂಡನ್ನು ಕೊಳವೆಯ ಹಿಂದೆ ಅಂಟುಹಾಕಿ ಸೇರಿಸಿದರೆ, ಗೀಟು ಹುಡುಕಿದರೂ ಸುಲಭಕ್ಕೆ ಕಾಣದು. ಬಾಗಿಲ ಚೌಕಟ್ಟಿನ ಬಳಿಯಂತೂ ಹಲಗೆಯನ್ನು ಕೆತ್ತುವ ಗೋಜಿಗೇ ಹೋಗಬಾರದು. ಚೌಕಟ್ಟು ಮರದ್ದಾದರೆ ಅದರ ಬುಡವನ್ನೇ ಹಲಗೆ ಮತ್ತು ಅದರಡಿಯ ಹಾಸಿನ ದಪ್ಪಕ್ಕೆ ಕೊಯ್ದು, ಹಲಗೆಯನ್ನು ಒಳಗೆ ತೂರಿಸಬೇಕು.

ಹಾಗೆಂದು ಇದನ್ನು ಊರಿನ ಮನೆಗಳಿಗೆಲ್ಲ ಶಿಫಾರಸು ಮಾಡಲಾರೆ. ಬಕೆಟ್ಟಿನಲ್ಲಿ ನೀರು ಹೊಯ್ದು ತೊಳೆಯುವ ಮನೆಗೆ, ಕರಾವಳಿಯ ಮಳೆಗಾಲದ ತೇವಕ್ಕೆ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲವೇ ಯೋಗ್ಯ. ಇಲ್ಲಿಯ ಒಣ ಕೋಣೆಗಳಿಗೆ, ಅದರಲ್ಲೂ ಬಾಡಿಗೆ ಮನೆಗಳಿಗೆ, ಲ್ಯಾಮಿನೇಟ್ ಚೆನ್ನಾಗಿ ಹೊಂದುತ್ತದೆ. ಮನೆ ಬಿಡುವಾಗ ಬಿಚ್ಚಿ ತೆಗೆಯಬಹುದು. ಹಾಸಿ ಉಳಿದ ಒಂದೆರಡು ಹಲಗೆಗಳನ್ನು ಎಸೆಯದೆ ಇಟ್ಟುಕೊಳ್ಳಿ, ಮುಂದೆ ಅದೇ ವಿನ್ಯಾಸ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ.