ಕುಡಿತದ ಮನೆಯ ಮಗುವನ್ನು ಹಾಸ್ಟೆಲಿಗೆ ಕಳುಹಿಸಬೇಕೆ?

ಪರ

ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಮಾಡಿದವನಿಗೆ ಯಾವ ಮನೆಯಲ್ಲಿ ಕುಡಿತವಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಶನಿವಾರ ವಾರದ ಕೂಲಿಯ ಬಟವಾಡೆ ಆದ ಮೇಲಿನ ಮೊದಲ ದಿನದ ಹಾಜರಿ ಪುಸ್ತಕ ನೋಡಿದರೆ ಸಾಕು. ಬಂದ ಮಕ್ಕಳಲ್ಲೂ ಒಂದಿಬ್ಬರು ಮೊದಲ ಪೀರಿಯಡ್ಡಿನಲ್ಲೇ ನಿದ್ದೆಗೆ ಜಾರುತ್ತಾರೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ಶನಿವಾರವೂ ಪುಸ್ತಕದ ಚೀಲವನ್ನು ಶಾಲೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಮರೆವೆಂದುಕೊಂಡು ನಾನು ಎರಡು ಸಲ ಗದರಿದ್ದೆ. ಅಪ್ಪ ಒಮ್ಮೆ ಕುಡಿದು ಬಂದು ಪುಸ್ತಕಗಳನ್ನು ಒಲೆಗೆ ಹಾಕಿದ್ದನೆಂದೂ, ಅಂದಿನಿಂದ ಅಕ್ಕ ಬಟವಾಡೆಯ ದಿನ ಚೀಲವನ್ನು ಮನೆಗೆ ತರುವುದಿಲ್ಲವೆಂದೂ ಒಂದನೇ ತರಗತಿಯಲ್ಲಿದ್ದ ಅವಳ ತಮ್ಮ ಹೇಳಿದ. ಚೀಲಕ್ಕೆ ಸಿಕ್ಕ ಆ ಏರ್ಪಾಟು ಅವಳಿಗೂ ಸಿಗಬೇಕು ಎಂಬುದಷ್ಟೇ ನನ್ನ ವಾದ.

ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳನ್ನು ಒಳಹೊಕ್ಕು ನೋಡಿದವರಿಗೆ ಇದು ಅತಿಯೆನಿಸುವುದಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಪಕ್ಕದವರಿಗೂ ನಮಗೂ ಒಂದೇ ಗೋಡೆ. ಜಗಳ ಶುರುವಾದರೆ ಮಗು ಎದ್ದು ಹೋಗಿ ಮಲಗಲು ಇನ್ನೊಂದು ಕೋಣೆಯಿಲ್ಲ. ಕಾಲುದಾರಿಯಲ್ಲಿ ಬರುವ ಚಪ್ಪಲಿಯ ಸದ್ದಿನಿಂದಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆಂದು ಅಳೆಯಬಲ್ಲ ಮಕ್ಕಳನ್ನು ನಾನು ಕಂಡಿದ್ದೇನೆ. ಆ ಜಾಣತನಕ್ಕೆ ಅವರು ತೆತ್ತದ್ದು ರಾತ್ರಿಯ ನಿದ್ದೆಯನ್ನು. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಮನೆಯಲ್ಲಿ ವ್ಯಸನಿಯೊಬ್ಬನಿರುವುದನ್ನು ಬಾಲ್ಯದ ಆಘಾತಗಳ ಪಟ್ಟಿಯಲ್ಲಿ ಎಣಿಸಿ, ಇಂಥ ಆಘಾತಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ವ್ಯಸನ ಮತ್ತು ಹೃದ್ರೋಗದ ಅಪಾಯ ಏರುತ್ತದೆಂದು ತೋರಿಸಿತು. ಮದ್ಯವ್ಯಸನದ ಒಲವಿನಲ್ಲಿ ಸುಮಾರು ಅರ್ಧದಷ್ಟು ಹುಟ್ಟಿನಿಂದ ಬರುತ್ತದೆಂದು ತಜ್ಞರು ಹೇಳುತ್ತಾರೆ. ಅದನ್ನು ನಾವು ಬದಲಿಸಲಾರೆವು. ಬದಲಿಸಬಹುದಾದದ್ದು ಮಗು ಬೆಳೆಯುವ ಜಾಗವನ್ನು ಮಾತ್ರ.

ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ 6ರಿಂದ 10ನೇ ತರಗತಿಯವರೆಗೆ ಊಟ, ಹಾಸಿಗೆ, ಓದಲು ಬೆಳಕು ಎಲ್ಲವೂ ಹೊತ್ತುಹೊತ್ತಿಗೆ ಸಿಗುತ್ತವೆ. ತಾಯಿಯಿಂದ ಮಗುವನ್ನು ಕಿತ್ತುಕೊಂಡಂತೆ ಎನ್ನುವವರು ಡಿಸೆಂಬರಿನ ಕುಯ್ಲಿನ ನಡುವೆ ಅರ್ಧ ದಿನದ ಕೂಲಿ ಬಿಟ್ಟು ಅರ್ಜಿ ಕೇಳಲು ಬರುವ ತಾಯಂದಿರನ್ನು ನೋಡಿಲ್ಲ. ಅಪ್ಪ ಕುಡಿತ ಬಿಡುವವರೆಗೆ ಕಾಯೋಣವೆನ್ನುವುದಾದರೆ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗಲೂ ನಾವು ಹಾಗೆಯೇ ನಂಬಿದ್ದೆವು. ನಿಂತದ್ದು ಸಾರಾಯಿ ಪ್ಯಾಕೆಟ್ಟು, ಕುಡಿತವಲ್ಲ. ಬಾಲ್ಯಕ್ಕೆ ಅಷ್ಟು ಕಾಯುವ ಪುರಸೊತ್ತಿಲ್ಲ.

ವಿರೋಧ

ಮೇಷ್ಟ್ರ ಮಾತಿನಲ್ಲಿ ಸುಳ್ಳಿಲ್ಲ. ಸಕಲೇಶಪುರ ತಾಲ್ಲೂಕಿನ ಲೈನ್ ಮನೆಯೊಂದರಿಂದ ಹಾಗೆಯೇ ಹಾಸ್ಟೆಲಿಗೆ ಹೋದವನು ನಾನು. ಅಲ್ಲಿ ಹೊಟ್ಟೆ ತುಂಬ ಮುದ್ದೆ ಉಂಡೆ, ಅಂಕಗಳನ್ನೂ ತೆಗೆದೆ. ಆದರೂ ಬಟವಾಡೆಯ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿದ್ದಾಗ ಅಪ್ಪನಿಗೂ ಅವ್ವನಿಗೂ ನಡುವೆ ಹೋಗಿ ನಿಲ್ಲುತ್ತಿದ್ದವನು ನಾನು, ಈಗ ಆ ಜಾಗದಲ್ಲಿ ಎಂಟು ವರ್ಷದ ತಮ್ಮ ನಿಂತಿದ್ದಾನೆಂಬುದು ನನಗೆ ಗೊತ್ತಿತ್ತು. ಮರುದಿನ ವಾರ್ಡನ್ ಫೋನಿಗೆ ಕರೆ ಮಾಡುತ್ತಿದ್ದ ಅವ್ವ ‘ಎಲ್ಲಾ ಚೆನ್ನಾಗದೆ, ನೀನು ಓದ್ಕೋ’ ಎನ್ನುತ್ತಿದ್ದಳು. ಅವಳ ದನಿ ಕೇಳಿ ರಾತ್ರಿ ಏನಾಗಿರಬಹುದೆಂದು ಊಹಿಸುವುದು ನನ್ನ ಹೊಸ ಚಪ್ಪಲಿಯ ಸದ್ದಾಯಿತು.

ಮೇಷ್ಟ್ರ ಲೆಕ್ಕದಲ್ಲೇ ಒಂದು ತೊಡಕಿದೆ. ವಸತಿ ಶಾಲೆಯ ಬಾಗಿಲು ತೆರೆಯುವುದು 6ನೇ ತರಗತಿಗೆ, ಅದೂ ಹೆಚ್ಚಾಗಿ ಪ್ರವೇಶ ಪರೀಕ್ಷೆಯಲ್ಲಿ ಪಾಸಾದವರಿಗೆ. ಬೆಂಚಿನ ಮೇಲೆ ನಿದ್ದೆಹೋಗುವ ಮಗು ಆ ಪರೀಕ್ಷೆಯಲ್ಲಿ ಯಾರೊಂದಿಗೆ ಸ್ಪರ್ಧಿಸಬೇಕು? ಚೀಲ ಬಿಟ್ಟು ಹೋದ ಹುಡುಗಿಗೆ ಸೀಟು ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಒಂದನೇ ತರಗತಿಯ ಆ ತಮ್ಮನ ಗತಿಯೇನು?

ನನ್ನ ಮುಖ್ಯ ತಕರಾರು ಬೇರೆಯೇ. ಕುಡಿದು ಹೊಡೆಯುವವನು ಮನೆಯಲ್ಲಿ ಉಳಿದು, ಏನೂ ಮಾಡದ ಮಗು ಟ್ರಂಕು ಹೊತ್ತು ಹೊರಡುವುದನ್ನು ನಾವೆಲ್ಲ ಏಕೆ ಇಷ್ಟು ಸಹಜವೆಂದು ಒಪ್ಪಿಕೊಂಡಿದ್ದೇವೆ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರ 19ನೇ ಕಲಂ, ಗಂಡನೇ ಮನೆ ಬಿಟ್ಟು ಹೊರಗಿರಬೇಕೆಂದು ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ತೋಟದ ಕೆಲಸಕ್ಕೆ ಅಂಟಿಕೊಂಡ ಲೈನ್ ಮನೆಯಲ್ಲಿದ್ದುಕೊಂಡು, ತೋಟದ ಸಾಹುಕಾರರನ್ನೂ ಲೆಕ್ಕ ಬರೆಯುವ ರೈಟರನ್ನೂ ಎದುರು ಹಾಕಿಕೊಂಡು ಈ ಆದೇಶವನ್ನು ತರುವುದು ಸುಲಭವಲ್ಲ, ಬಲ್ಲೆ. ಆದರೆ ಅವ್ವನೂ ಅದೇ ತೋಟದ ಆಳು. ಆ ಮನೆ ಅವಳ ದುಡಿಮೆಗೂ ಸಿಕ್ಕದ್ದು.

ಅಪ್ಪ ಹೊರಗೆ ಹೋಗುವುದೆಂದರೆ ಕೋರ್ಟಿನ ದಾರಿಯೊಂದೇ ಅಲ್ಲ, ಆಸ್ಪತ್ರೆಯ ದಾರಿಯೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನದಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ನಿತ್ಯ ಕುಡಿಯುವವನನ್ನು ದೇವರ ಮುಂದೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸುವುದು ನಮ್ಮ ಕಡೆ ಈಗಲೂ ಉಂಟು. ಹಾಗೆ ಥಟ್ಟನೆ ಬಿಟ್ಟವರಿಗೆ ಮೊದಲ ಮೂರು-ನಾಲ್ಕು ದಿನಗಳಲ್ಲಿ ಕೈನಡುಕದಿಂದ ಹಿಡಿದು ಫಿಟ್ಸ್, ಸನ್ನಿಯವರೆಗೆ ಏನು ಬೇಕಾದರೂ ಆಗಬಹುದಾದ್ದರಿಂದ, ಅದನ್ನು ವೈದ್ಯರ ಕಣ್ಣೆದುರೇ ಮಾಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಕೇಳಿ ತಿಳಿಯಬಹುದು.

ಮಗುವಿನ ಜೀವಕ್ಕೇ ಅಪಾಯವಿದ್ದಾಗ ನಾನು ವಾದಕ್ಕೆ ನಿಲ್ಲುವುದಿಲ್ಲ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆದರೆ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯಲ್ಲಿಡುವುದನ್ನು ಕೊನೆಯ ದಾರಿ ಎಂದೇ ಕರೆಯುತ್ತದೆ. ಮಗು ಮನೆಯಲ್ಲೇ ಇದ್ದು ಓದಲೆಂದು ಮಕ್ಕಳ ರಕ್ಷಣೆಗಾಗಿರುವ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಕುಟುಂಬಗಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡುವುದೂ ಇದೇ ಕಾರಣಕ್ಕೆ. ಹಾಸ್ಟೆಲಿನ ಅರ್ಜಿ ತುಂಬಿಸಿಕೊಡುವ ಮೇಷ್ಟ್ರು ಈ ಅರ್ಜಿಯನ್ನೂ ತುಂಬಿಸಿದರೆ ಅವರೊಂದಿಗೆ ನನ್ನ ಜಗಳ ಅರ್ಧ ಮುಗಿಯುತ್ತದೆ.

ನನ್ನ ಅಪ್ಪ ಕುಡಿತ ಬಿಟ್ಟದ್ದು ನಾನು ಪಿಯುಸಿಗೆ ಸೇರಿದ ವರ್ಷ, ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಎದ್ದು ಬಂದ ಮೇಲೆ. ಆಸ್ಪತ್ರೆಗೆ ಹೋಗಬಹುದೆಂದು ಅದಕ್ಕೂ ಮೊದಲು ನಮಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತಿಗೆ ತಮ್ಮ ಶಾಲೆ ಬಿಟ್ಟು, ಅದೇ ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದ.