ಹಳೆಯ ಗೆಜೆಟಿಯರಿಗೆ ಬೇಕಾದದ್ದು ಬೀಗವಲ್ಲ

ಬ್ರಿಟಿಷರ ಕಾಲದ ಮುಂಬಯಿ ಪ್ರಾಂತ್ಯದ ಗೆಜೆಟಿಯರುಗಳು, ಅಂದರೆ ಜಿಲ್ಲೆ ಜಿಲ್ಲೆಯ ವಿವರಗಳ ಸರ್ಕಾರಿ ಸಂಪುಟಗಳು, ಮುಂಬಯಿಯ ಹಳೆಯ ಗ್ರಂಥಾಲಯಗಳಲ್ಲಿ ಇಂದಿಗೂ ಓದಲು ಸಿಗುತ್ತವೆ. 1884ರಲ್ಲಿ ಅಚ್ಚಾದ ಬೆಳಗಾವಿ, ಧಾರವಾಡ, ಬಿಜಾಪುರ ಸಂಪುಟಗಳನ್ನು ಬಿಟ್ಟು ಉತ್ತರ ಕರ್ನಾಟಕದ ಚರಿತ್ರೆ ಬರೆಯುವುದು ಕಷ್ಟ. ಕೆರೆ, ಸಂತೆ, ಬರಗಾಲ, ನೇಕಾರಿಕೆಗಳ ವಿವರ ಅಷ್ಟು ದಟ್ಟವಾಗಿದೆ. ಆದರೆ ಜನವರ್ಗಗಳ ಅಧ್ಯಾಯಕ್ಕೆ ಬಂದರೆ, ಒಂದೊಂದು ಜಾತಿಯ ಮೈಬಣ್ಣ, ಮನೆ, ಊಟ, ಉಡುಗೆಗಳನ್ನು ಹೇಳಿದ ಬಳಿಕ ಇಡೀ ಸಮುದಾಯವೇ ಕೊಳಕು ಅಥವಾ ಸೋಮಾರಿ ಎಂದು ಒಂದೇ ಮಾತಿನಲ್ಲಿ ಷರಾ ಬರೆದು ಮುಗಿಸಿರುವುದನ್ನೂ ಓದಬೇಕಾಗುತ್ತದೆ.

ಇಂಥ ಷರಾಗಳ ಹಿಂದಿನ ದೃಷ್ಟಿ ಕಾಗದದಲ್ಲೇ ಉಳಿಯಲಿಲ್ಲ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಮುಂದೆ ಸೊಲ್ಲಾಪುರ, ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಆ ಜನರನ್ನು ಕಾವಲಿನಲ್ಲಿ ಕೂಡಿಹಾಕಲಾಯಿತು. ಹುಬ್ಬಳ್ಳಿಯವರ ಬಾಯಲ್ಲಿ ಆ ಜಾಗ ಈಗಲೂ ‘ಸೆಟ್ಲಮೆಂಟ್’. ಕಾಯ್ದೆ ರದ್ದಾದದ್ದು 1952ರಲ್ಲಿ.

ಇಂಥ ಪುಸ್ತಕಗಳ ವಿಷಯದಲ್ಲಿ ನಮ್ಮ ಕಡೆ ನಾನು ಕಂಡದ್ದು ಎರಡೇ ರೀತಿ: ಏನೂ ಹೇಳದೆ ಓದುಗನ ಕೈಗೆ ಕೊಡುವುದು, ಇಲ್ಲವೇ ಗಲಾಟೆಗೆ ಹೆದರಿ ಕಪಾಟಿಗೆ ಬೀಗ ಹಾಕುವುದು. ಹೆದರಿಕೆಗೆ ಕಾರಣವಿಲ್ಲವೆಂದಲ್ಲ. 2004ರ ಜನವರಿಯಲ್ಲಿ ಒಂದು ಪುಸ್ತಕದ ನೆಪದಲ್ಲಿ ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ಪುಣೆಯ ಭಂಡಾರಕರ್ ಸಂಶೋಧನಾ ಸಂಸ್ಥೆಯ ಮೇಲೆ ದಾಳಿ ನಡೆದದ್ದನ್ನು ಈ ಭಾಗದ ಗ್ರಂಥಪಾಲಕರು ಮರೆಯುವಂತಿಲ್ಲ.

ಅಮೆರಿಕದಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ, ತನ್ನಲ್ಲಿರುವ ಕಾಗದಪತ್ರಗಳಲ್ಲಿ ಜನರನ್ನು ಹೀಯಾಳಿಸುವ ಮಾತುಗಳಿರಬಹುದೆಂದೂ ಅವನ್ನು ಏಕೆ ಉಳಿಸಿಕೊಳ್ಳಲಾಗಿದೆಯೆಂದೂ ಓದುಗರಿಗೆ ಮೊದಲೇ ತಿಳಿಸುವ ಟಿಪ್ಪಣಿಯನ್ನು ಪ್ರಕಟಿಸಿತು. ಅಲ್ಲಿನ ಅತಿದೊಡ್ಡ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್, ಕಾನೂನುಬದ್ಧ ಅನುಮತಿಯಿಲ್ಲದ ವಲಸಿಗರ ಕುರಿತ ಪುಸ್ತಕಗಳಿಗೆ ತನ್ನ ಸೂಚಿಯಲ್ಲಿ ಬಳಸುತ್ತಿದ್ದ ‘ಇಲ್ಲೀಗಲ್ ಏಲಿಯನ್ಸ್’ (ಅಕ್ರಮ ಪರಕೀಯರು) ಎಂಬ ವಿಷಯಶೀರ್ಷಿಕೆಯನ್ನು 2021ರಲ್ಲಿ ಕೈಬಿಡಲು ತೀರ್ಮಾನಿಸಿತು. ಮೂಲ ಪುಸ್ತಕದ ಒಂದಕ್ಷರವನ್ನೂ ಮುಟ್ಟದೆ, ಗ್ರಂಥಾಲಯ ತಾನೇ ಆಡುವ ಮಾತನ್ನು ಮಾತ್ರ ತಿದ್ದಿಕೊಳ್ಳುವ ಈ ಕ್ರಮ ನನಗೆ ಪೂರ್ಣವಾಗಿ ಒಪ್ಪಿಗೆ.

ಏಕೆಂದರೆ ನಾಶವಾದ ದಾಖಲೆ ನೊಂದವರ ಕೈಯಿಂದಲೂ ಹೋಗುತ್ತದೆ. 1812ರಲ್ಲಿ ಗೋವೆಯ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಧರ್ಮವಿಚಾರಣಾ ನ್ಯಾಯಾಲಯ, ರದ್ದಾದ ಬಳಿಕ ಅದರ ಬಹುಪಾಲು ಕಡತಗಳನ್ನು ಸುಟ್ಟರು. ಅವುಗಳ ಜೊತೆಗೆ ಶಿಕ್ಷೆಗೊಳಗಾದವರ ಹೇಳಿಕೆಗಳೂ ಹೋದವು. ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ, ಆ ಹಳೆಯ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟುಗಳನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ರದ್ದುಪಡಿಸಿದಾಗಲೂ, ಆ ನಿಯಮಗಳ ಬೇರು ವಸಾಹತುಶಾಹಿ ಕಾಲದ ಕಾನೂನಿನಲ್ಲಿದೆಯೆಂದು ತೋರಿಸಲು ನೆರವಾದದ್ದು ಹಳೆಯ ಬರಹಗಳೇ.

ಆದ್ದರಿಂದ ಗೆಜೆಟಿಯರಿನ ಪ್ರತಿ ಸಂಪುಟದ ಮೊದಲ ಪುಟಕ್ಕೆ ಎದುರಾಗಿ, ಒಳಗಿನ ಇಂಥ ಮಾತುಗಳ ಬಗ್ಗೆ ಓದುಗರಿಗೆ ತಿಳಿಸುವ ಒಂದು ಪುಟದ ಟಿಪ್ಪಣಿ ಕನ್ನಡ, ಮರಾಠಿ, ಇಂಗ್ಲಿಷುಗಳಲ್ಲಿ ಇರಲಿ. ಸ್ಕ್ಯಾನ್ ಪ್ರತಿಗಳಿಗಂತೂ ಇದು ಇನ್ನೂ ಅಗತ್ಯ, ಏಕೆಂದರೆ ಅಲ್ಲಿ ಒಂಟಿ ಪುಟವೊಂದು ಹಿಂದುಮುಂದಿಲ್ಲದೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಟಿಪ್ಪಣಿ ಬರೆಯುವಾಗ ಸೆಟ್ಲಮೆಂಟಿನಲ್ಲಿ ಬೆಳೆದ ಮನೆತನಗಳವರನ್ನು ಕರೆದು ಕೂರಿಸಿಕೊಳ್ಳಬೇಕು. ಮುಂಬಯಿಯ ಕನ್ನಡ ಸಂಘಗಳು ನಮ್ಮ ಜಿಲ್ಲೆಗಳ ಈ ಮೂರು ಸಂಪುಟಗಳಿಂದಲೇ ಕೆಲಸ ಆರಂಭಿಸಬಹುದು.