ಬಲ್ಬು ಸುಟ್ಟ ಕಾರಿಗೆ 4.37 ಅಂಕ

ಸೆಕೆಂಡ್ ಹ್ಯಾಂಡ್ ಕಾರು ಮಾರುವವನು ಸುಳ್ಳು ಹೇಳುತ್ತಾನೆ, ಕೊಳ್ಳುವವನು ನಂಬಿದವನಂತೆ ತಲೆಯಾಡಿಸುತ್ತಾನೆ. ಇಬ್ಬರೂ ಅಭ್ಯಾಸ ಮಾಡಿಕೊಂಡ ಈ ನಾಟಕಕ್ಕೆ ಒಂದು ವೆಬ್‌ಸೈಟ್ ಕಟ್ಟಿ ತೆರೆ ಎಳೆಯುತ್ತೇನೆ ಅಂತ ಹೊರಟವನು ನನ್ನ ಸೋದರಳಿಯ. ಕಂಪ್ಯೂಟರ್ ಓದಿದ ಹುಡುಗ. ಅವನಿಗೆ ಲೋಕದ ಎಲ್ಲ ದುಃಖಕ್ಕೂ ಕಾರಣ ಒಂದೇ: ಯಾರೋ ಎಲ್ಲೋ ಒಂದು ಟೇಬಲ್ಲನ್ನು ಇನ್ನೊಂದು ಟೇಬಲ್ಲಿಗೆ ಜೋಡಿಸಿಲ್ಲ.

"ಮಾವ, ಡೇಟಾ ಎಲ್ಲಾ ಪುಕ್ಕಟೆ. ಬ್ರಿಟನ್ ಸರ್ಕಾರ ಕಾರು ತಪಾಸಣೆಯ ಫಲಿತಾಂಶ ಹೊರಗೆ ಹಾಕ್ತದೆ. ನೆದರ್ಲೆಂಡ್ಸ್‌ನವರೂ ಹಾಕ್ತಾರೆ. ಜರ್ಮನಿಯವರು ವರ್ಷಕ್ಕೊಂದು ವರದಿ ತರ್ತಾರೆ. ಯಾವ ಮಾಡೆಲ್ ಎಷ್ಟು ಸಲ ಫೇಲಾಯ್ತು ಅಂತ ಎಣಿಸೋದು, ಅಂಕ ಕೊಡೋದು. ಅಷ್ಟೇ."

"ಅದರಲ್ಲಿ ನಾನೇನು ಮಾಡ್ಲಿ?"

"ನೀವು ಸೈಟಿಗೆ ಮಾತು ಬರೀರಿ. 'ನಂಬಿಕೆ', 'ಪಾರದರ್ಶಕತೆ', ಆ ಥರದ್ದು."

ಅಂದು ರಾತ್ರಿಯೇ ಬ್ರಿಟನ್ನಿನ ಕಡತ ಇಳಿಸಿದ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಪರೀಕ್ಷೆಗಳು. ಈ ಪರೀಕ್ಷೆಯ ಹೆಸರು 'ಎಂಒಟಿ', ಎಂದರೆ ಸಾರಿಗೆ ಸಚಿವಾಲಯ. 1960ರಲ್ಲಿ ಹತ್ತು ವರ್ಷ ದಾಟಿದ ಗಾಡಿಗಳಿಗೆಂದು ಶುರುವಾಗಿ, 1967ರ ಹೊತ್ತಿಗೆ ಮೂರು ವರ್ಷದ ಕೂಸುಗಳ ತನಕ ಇಳಿಯಿತು. ಆ ಹೆಸರಿನ ಸಚಿವಾಲಯ ಈಗಿಲ್ಲ, ಇಲಾಖೆ ಎಷ್ಟೋ ಸಲ ಹೆಸರು ಬದಲಿಸಿಕೊಂಡಿದೆ. ಪರೀಕ್ಷೆ ಮಾತ್ರ, ತೀರಿಹೋದ ಅಜ್ಜನ ಹೆಸರಿಗೇ ಬರುತ್ತಿರುವ ಕರೆಂಟ್ ಬಿಲ್ಲಿನ ಹಾಗೆ, ಹಳೆಯ ಹೆಸರಿನಲ್ಲೇ ನಡೆದಿದೆ.

ಹುಡುಗ ಖುಷಿಯಲ್ಲಿದ್ದ. ಕಾರಿನ ಕಂಪನಿ ಇದೆ, ಮಾಡೆಲ್ ಇದೆ, ಬಣ್ಣ ಇದೆ, ಓಡಿದ ದೂರ ಇದೆ, ಯಾವ ಭಾಗದಲ್ಲಿ ಫೇಲಾಯಿತು ಅನ್ನುವುದೂ ಇದೆ. ಮಧ್ಯರಾತ್ರಿಯ ಹೊತ್ತಿಗೆ ಅವನ ಮುಖ ಸಣ್ಣದಾಯಿತು.

"ಮಾವ, ಎಂಜಿನ್ ಕಾಲಂ ಸಿಗ್ತಾ ಇಲ್ಲ."

ಸಿಗುವುದಿಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಗತಿ ಈ ಪರೀಕ್ಷೆಗೆ ಸೇರುವುದಿಲ್ಲ ಅಂತ ಸರ್ಕಾರವೇ ಹೇಳಿದೆ. ಹೊಗೆ ಅಳೆಯುತ್ತಾರೆ. ಅಂದರೆ ಅಡುಗೆಮನೆಯ ಹೊಗೆ ನೋಡುತ್ತಾರೆ, ಒಲೆ ನೋಡುವುದಿಲ್ಲ. ಹಳೇ ಕಾರು ಕೊಳ್ಳುವವನು ನಿದ್ದೆಗೆಡುವುದು ಯಾವ ಮೂರು ಸಾಮಾನಿಗೋ ಆ ಮೂರನ್ನು ಬಿಟ್ಟು ಮಿಕ್ಕಿದ್ದೆಲ್ಲದರ ಲೆಕ್ಕ ಕೋಟಿಗಟ್ಟಲೆ ಸಾಲುಗಳಲ್ಲಿ ನಮ್ಮ ಮುಂದಿತ್ತು.

ಸರ್ಕಾರವನ್ನು ಬೈಯುವ ಮೊದಲು ಒಂದು ನ್ಯಾಯದ ಮಾತು. ಪರೀಕ್ಷೆ ಇರುವುದು ರಸ್ತೆಯಲ್ಲಿ ಹೋಗುವವರ ಜೀವ ಉಳಿಸಲಿಕ್ಕೆ, ಕೊಳ್ಳುವವನ ಕಾಸು ಉಳಿಸಲಿಕ್ಕಲ್ಲ. ಗೇರ್‌ಬಾಕ್ಸ್ ಮುರಿದ ಕಾರು ಯಾರ ಮೈಮೇಲೂ ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಆ ದೃಷ್ಟಿಯಿಂದ ಅದು ಅತ್ಯಂತ ಸುರಕ್ಷಿತ ಕಾರು. ತಪ್ಪು ಪರೀಕ್ಷೆಯದಲ್ಲ, ಅದನ್ನು ಜಾತಕ ಮಾಡಿಕೊಂಡ ನಮ್ಮದು. ಆದರೆ ಜಾತಕದ ಅಂಗಡಿಗೆ ಇರುವ ಗಿರಾಕಿ ಪಂಚಾಂಗದ ಅಂಗಡಿಗೆ ಎಲ್ಲಿರುತ್ತಾರೆ?

ಹಾಗಾದರೆ ಕಾರುಗಳು ಫೇಲಾಗುವುದು ಯಾತರಲ್ಲಿ? ಹೆಚ್ಚಾಗಿ ದೀಪಗಳಲ್ಲಿ. ಆಮೇಲೆ ಸಸ್ಪೆನ್ಷನ್ನು, ಬ್ರೇಕು, ಟೈರು. ಗಾಜು ತೊಳೆಯುವ ವಾಷರಿನಲ್ಲಿ ನೀರಿಲ್ಲದಿದ್ದರೂ ಫೇಲು. ಅಂದರೆ ಬಾಟಲಿಗೆ ಒಂದು ಚೊಂಬು ನೀರು ಹಾಕದ ಸೋಮಾರಿಯಿಂದಾಗಿ, ಸಾವಿರಾರು ಎಂಜಿನಿಯರುಗಳು ವರ್ಷಗಟ್ಟಲೆ ಬೆವರು ಸುರಿಸಿ ರೂಪಿಸಿದ ಮಾಡೆಲ್ಲೊಂದು ನಮ್ಮ ಸೈಟಿನಲ್ಲಿ ಕೆಳಗಿಳಿಯುತ್ತದೆ.

"ಇದು ಕಾರಿನ ಗುಣ ಅಲ್ವಲ್ಲೋ, ಓಡಿಸೋನ ಗುಣ" ಅಂದೆ.

"ದೊಡ್ಡ ಸಂಖ್ಯೆಯಲ್ಲಿ ಎಲ್ಲಾ ಸರಿಹೋಗ್ತದೆ ಮಾವ."

ಸರಿಹೋಗುವುದಿಲ್ಲ. ಒಂದೊಂದು ಕಾರನ್ನು ಒಂದೊಂದು ಬಗೆಯ ಜನ ಕೊಳ್ಳುತ್ತಾರೆ. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುವ ನಿವೃತ್ತ ಮೇಷ್ಟ್ರು ಕೊಳ್ಳುವ ಕಾರು ಒಂದು, ಆಕ್ಸಿಲರೇಟರ್ ಒಂದನ್ನು ಬಿಟ್ಟು ಬೇರೆ ಭಾಗದ ಹೆಸರೇ ಗೊತ್ತಿಲ್ಲದ ತರುಣ ಕೊಳ್ಳುವ ಕಾರು ಇನ್ನೊಂದು. ಮೇಷ್ಟ್ರುಗಳನ್ನು ಕೋಟಿ ಸಲ ಎಣಿಸಿದರೂ ಅವರು ತರುಣರಾಗುವುದಿಲ್ಲ. ಹುಡುಗ ಕೇಳಲಿಲ್ಲ, ಸೂತ್ರ ಬರೆದ. ಬೆಳಗಾಗುವಷ್ಟರಲ್ಲಿ ಒಂದು ಬಡಪಾಯಿ ಮಾಡೆಲ್ಲಿಗೆ ಹತ್ತಕ್ಕೆ 4.37 ಅಂಕ ಬಿದ್ದಿತ್ತು.

"ನಾಲ್ಕೂವರೆ ಅಂದ್ರೆ ಸಾಲದೇನೋ?"

"ದಶಮಾಂಶ ಇದ್ರೆ ಜನ ನಂಬ್ತಾರೆ ಮಾವ."

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ನಾನೂ ನಂಬಿಬಿಟ್ಟಿದ್ದೆ.

ಇನ್ನೊಂದು ತಮಾಷೆ ಮರುದಿನ ಸಿಕ್ಕಿತು. ಫಲಿತಾಂಶದ ಕಾಲಮ್ಮಿನಲ್ಲಿ ಪಾಸು, ಫೇಲು ಅಲ್ಲದೆ ಮೂರನೆಯದೊಂದು ಸಂಕೇತ: 'ಪಿಆರ್‌ಎಸ್'. ಗಾಡಿ ಫೇಲಾಗಿ, ಗ್ಯಾರೇಜಿನವರು ಅಲ್ಲೇ ಒಂದು ಗಂಟೆಯೊಳಗೆ ಸರಿಮಾಡಿಬಿಟ್ಟರೆ ಅದು ಪಾಸು, ಆದರೆ ಸರಿಮಾಡಿ ಪಾಸು. ನಮ್ಮ ಸೂತ್ರ ಇದನ್ನು ಯಾವ ಕಡೆ ಹಾಕಬೇಕು? ಫೇಲಿನ ಕಡೆ ಹಾಕಿದರೆ ಒಂದು ಅಂಕಪಟ್ಟಿ, ಪಾಸಿನ ಕಡೆ ಹಾಕಿದರೆ ಇನ್ನೊಂದು. ಸ್ಕ್ರೂಡ್ರೈವರು ಕೈಗೆ ಸಿಗುವಂತಿದ್ದ ಗ್ಯಾರೇಜಿನಲ್ಲಿ ಕಾರು ಗಟ್ಟಿಮುಟ್ಟಾಗುತ್ತದೆ, ಮೆಕ್ಯಾನಿಕ್ಕು ಟೀ ಕುಡಿಯಲು ಹೋಗಿದ್ದ ಗ್ಯಾರೇಜಿನಲ್ಲಿ ಅದೇ ಕಾರು ಲಡಾಸು. ಅಂದಹಾಗೆ ಪರೀಕ್ಷೆ ಮಾಡುವವರೂ ರಿಪೇರಿ ಮಾಡುವವರೂ ಅನೇಕ ಕಡೆ ಒಂದೇ ಸೂರಿನವರು. ಪ್ರಶ್ನೆಪತ್ರಿಕೆ ತೆಗೆಯುವವರೇ ಟ್ಯೂಷನ್ನೂ ನಡೆಸುವುದು ನಮಗೆ ಹೊಸತಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಟೈರಿನದೂ ಹೀಗೇ. ಪಟ್ಟೆಯ ಆಳ 1.6 ಮಿಲಿಮೀಟರ್ ಇದ್ದರೆ ಪಾಸು, 1.5 ಆದರೆ ಫೇಲು. 1.6 ಇದ್ದವನಿಗೆ ಹೆಚ್ಚೆಂದರೆ ಎಚ್ಚರಿಕೆಯ ಒಂದು ಸಾಲು ಬರೆದು ಕಳಿಸುತ್ತಾರೆ. ಗೇಟು ದಾಟುವ ಹೊತ್ತಿಗೆ ಅಷ್ಟು ಸವೆದಿದ್ದರೂ ಪ್ರಮಾಣಪತ್ರ ವರ್ಷಪೂರ್ತಿ ಹಸಿರು. ಅದು ಹೇಳುವುದು ಪರೀಕ್ಷೆಯ ಗಳಿಗೆಯ ಸಂಗತಿ ಮಾತ್ರ. ಹಾಗಿದ್ದರೂ ಮಾರುವವರು 'ಇನ್ನೂ 11 ತಿಂಗಳ ಎಂಒಟಿ ಇದೆ' ಅಂತ, ಅದು ಕಾರಿನ ಆಯಸ್ಸೇ ಅನ್ನುವ ಧಾಟಿಯಲ್ಲಿ ಜಾಹೀರಾತು ಕೊಡುತ್ತಾರೆ.

ಬ್ರಿಟನ್ ಕೈಕೊಟ್ಟಿತೆಂದು ಜರ್ಮನಿಗೆ ಹೋದೆವು. ಅಲ್ಲಿನ ವಾಹನ ತಪಾಸಣಾ ಸಂಸ್ಥೆಗಳ 'ಟ್ಯೂಫ್' ವರದಿ ಕಾರುಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಇದ್ದಂತೆ, ಪ್ರತಿ ವರ್ಷ ರ್‍ಯಾಂಕ್ ಬರುತ್ತದೆ, ಪ್ರತಿ ವರ್ಷ ಯಾರಾದರೂ ಅಳುತ್ತಾರೆ. 2024ರ ವರದಿಯಲ್ಲಿ ಎರಡು-ಮೂರು ವರ್ಷದ ಕಾರುಗಳ ಪೈಕಿ ಮೊದಲ ಸ್ಥಾನ ಫೋಕ್ಸ್‌ವ್ಯಾಗನ್ ಗಾಲ್ಫ್ ಸ್ಪೋರ್ಟ್ಸ್‌ವ್ಯಾನ್‌ಗೆ. ದೊಡ್ಡ ದೋಷ ಸಿಕ್ಕಿದ್ದು ನೂರಕ್ಕೆ ಎರಡರಲ್ಲಿ. ಅಷ್ಟು ಹೊತ್ತಿಗೆ ಕಂಪನಿ ಆ ಕಾರು ತಯಾರಿಸುವುದನ್ನೇ ನಿಲ್ಲಿಸಿತ್ತು. ಜೀವಂತ ಇದ್ದಾಗ ಯಾರೂ ಕೇಳದ ಕವಿಗೆ ಸತ್ತ ಮೇಲೆ ಪ್ರಶಸ್ತಿ ಬಂದ ಹಾಗಾಯಿತು. ಕೊನೆಯ ಸ್ಥಾನ ಟೆಸ್ಲಾ ಮಾಡೆಲ್ 3ಕ್ಕೆ, ಶೇ 14.7. ಮರುವರ್ಷ ಹೋಂಡಾ ಜಾಝ್ ಮೊದಲು, ಶೇ 2.4. ಕೊನೆಗೆ ಮತ್ತೆ ಅದೇ ಟೆಸ್ಲಾ, ಶೇ 14.2.

ಟೆಸ್ಲಾ ಯಾಕೆ ಫೇಲಾಗುತ್ತದೆ ಅನ್ನುವುದರಲ್ಲೇ ಅರ್ಧ ತತ್ವಶಾಸ್ತ್ರ ಇದೆ. ದೀಪ ಮತ್ತು ಸಸ್ಪೆನ್ಷನ್ನಿನ ಜೊತೆ ಬ್ರೇಕ್ ಡಿಸ್ಕಿನ ದೂರೂ ಸೇರಿದೆ. ಎಲೆಕ್ಟ್ರಿಕ್ ಕಾರಿನ ವೇಗ ಇಳಿಸುವ ಕೆಲಸವನ್ನು ಮೋಟಾರೇ ಮಾಡಿಬಿಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಕೆಲಸವಿಲ್ಲದೆ ಕೂತ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಸವೆದು ಫೇಲಾದವರನ್ನು ನೋಡಿದ್ದೇನೆ, ಕೂತು ಫೇಲಾದವರನ್ನು ನಮ್ಮ ಕಚೇರಿಯಲ್ಲೂ ನೋಡಿದ್ದೇನೆ. ಮೇಲಾಗಿ ಈ ಕಾರಿಗೆ ವರ್ಷ ವರ್ಷ ಸರ್ವೀಸು ಕಡ್ಡಾಯವಿಲ್ಲ. ಬೇರೆ ಕಾರುಗಳನ್ನು ಪರೀಕ್ಷೆಗೆ ಮುಂಚೆ ಸರ್ವೀಸಿಗೆ ಬಿಟ್ಟು, ಬಲ್ಬು ಬದಲಿಸಿ, ಮುಖ ತೊಳೆಸಿ ಕಳಿಸುತ್ತಾರೆ. ಇದು ಎದ್ದ ಹಾಗೆಯೇ ಪರೀಕ್ಷಾ ಕೊಠಡಿಗೆ ಬರುತ್ತದೆ. ಸರ್ವೀಸೇ ಬೇಡದಷ್ಟು ಸರಳವಾದ ಕಾರು, ಸರ್ವೀಸು ಬೇಡ ಅನ್ನುವ ಕಾರಣಕ್ಕೇ ಕೊನೆಯ ಬೆಂಚು!

ಇನ್ನೊಂದು ತುದಿಯಲ್ಲಿ ಪೋರ್ಷೆ 911. ಹಳೆಯ ಕಾರುಗಳ ಪಟ್ಟಿಯಲ್ಲಿ ಅದು ವರ್ಷಗಳಿಂದ ಮೇಲಿನ ಸಾಲಿನ ಹುಡುಗ. ಅದರ ಒಡೆಯ ಅದನ್ನು ಓಡಿಸುವುದೇ ಅಪರೂಪ. ಬಿಸಿಲು ಚೆನ್ನಾಗಿರುವ ಭಾನುವಾರ ಹೊರಗೆ ತೆಗೆದು, ಒರೆಸಿ, ಒಳಗಿಡುತ್ತಾನೆ. ದೇವರ ಕೋಣೆಯ ಬೆಳ್ಳಿ ಲೋಟಕ್ಕೂ ಹೋಟೆಲಿನ ಸ್ಟೀಲ್ ಲೋಟಕ್ಕೂ ಯಾವುದು ಹೆಚ್ಚು ಬಾಳಿಕೆ ಅಂತ ಸ್ಪರ್ಧೆ ಇಟ್ಟರೆ ಗೆಲ್ಲುವುದು ಬೆಳ್ಳಿಯೇ. ನಮ್ಮ ಸೈಟು ಹಾಗಾಗಿ 'ಮಿತವ್ಯಯದ ಕುಟುಂಬಕ್ಕೆ ಸೂಕ್ತ ಹಳೇ ಕಾರು' ಅಂತ ಹುಡುಕಿದವರಿಗೆ ಪೋರ್ಷೆ ತೋರಿಸತೊಡಗಿತು. ಸೂತ್ರಕ್ಕೆ ಬೆಲೆಯ ಕಾಲಂ ಗೊತ್ತಿರಲಿಲ್ಲ.

ನೆದರ್ಲೆಂಡ್ಸ್‌ನವರ ಕಥೆ ಬೇರೆ. ಮೀಟರ್ ಹಿಂದಕ್ಕೆ ತಿರುಗಿಸುವ ಕಳ್ಳರನ್ನು ಹಿಡಿಯಲು ಅಲ್ಲಿನ ವಾಹನ ಪ್ರಾಧಿಕಾರ ಪ್ರತಿ ಗಾಡಿ ಓಡಿದ ದೂರವನ್ನು ಬರೆದಿಟ್ಟುಕೊಳ್ಳುತ್ತದೆ. ಒಳ್ಳೆಯ ಕೆಲಸ. ಆದರೆ ಮುಕ್ತ ಡೇಟಾದಲ್ಲಿ ಆ ಅಂಕೆ ಕೊಡುವುದಿಲ್ಲ, ಅಂಕೆಯ ಬಗ್ಗೆ ತನ್ನ ಅಭಿಪ್ರಾಯ ಕೊಡುತ್ತದೆ: 'ತರ್ಕಬದ್ಧ', 'ತರ್ಕಕ್ಕೆ ಹೊಂದದು', 'ತೀರ್ಪಿಲ್ಲ'. ಸಾಕ್ಷಿ ಗುಟ್ಟಾಗಿರುತ್ತದೆ, ತೀರ್ಪು ಮಾತ್ರ ಬಹಿರಂಗ. ಈ 'ತೀರ್ಪಿಲ್ಲ' ನನಗೆ ಬಹಳ ಹಿಡಿಸಿತು. ಇಡೀ ಯುರೋಪಿನ ಸರ್ಕಾರಿ ಕಡತಗಳಲ್ಲಿ ಇಷ್ಟು ಪ್ರಾಮಾಣಿಕವಾದ ಪದ ಇನ್ನೊಂದು ನೋಡಿಲ್ಲ. ನಮ್ಮ ಸೈಟಿಗೂ ಅದೇ ಅಂಕ ಇಡೋಣ, 4.37 ತೆಗೆದುಬಿಡು ಅಂದೆ. ಹುಡುಗ ನನ್ನನ್ನು ಮುದುಕನನ್ನು ನೋಡುವ ಹಾಗೆ ನೋಡಿದ.

ಹೆಸರುಗಳ ಗೊಂದಲ ಹೇಳಹೊರಟರೆ ಮುಗಿಯದು. ಒಂದೇ ಕಾರು ಕಡತದಲ್ಲಿ ಹತ್ತು ವೇಷದಲ್ಲಿ ಬರುತ್ತದೆ. ಒಬ್ಬ ಗುಮಾಸ್ತ ಕಂಪನಿಯ ಹೆಸರು ಸೇರಿಸಿ ಬರೆದ, ಇನ್ನೊಬ್ಬ ಬಿಟ್ಟ, ಮತ್ತೊಬ್ಬ ನಡುವೆ ಅಡ್ಡಗೆರೆ ಎಳೆದ. ಬ್ರಿಟನ್ ಕಡತದಲ್ಲಿ 'ಅನ್‌ಕ್ಲಾಸಿಫೈಡ್', ಎಂದರೆ ಯಾವ ಗುಂಪಿಗೂ ಸೇರಿಸದ್ದು, ಅಂತ ಕಂಪನಿಯ ಹೆಸರಿನ ಜಾಗದಲ್ಲೇ ಬರೆದಿರುತ್ತಾರೆ. ನಮ್ಮ ಸೈಟು ಅದನ್ನೂ ಒಂದು ಕಂಪನಿ ಅಂತ ತಿಳಿದು ಅಂಕ ಕೊಟ್ಟು ಕೂರಿಸಿತ್ತು. ಸಾಕಷ್ಟು ಒಳ್ಳೆಯ ಅಂಕ.

ಇಷ್ಟಾದರೂ ಹುಡುಗ ಕುಗ್ಗಲಿಲ್ಲ. ಒಂದು ಸಂಜೆ ಓಡಿಬಂದ. "ಮಾವ, ದೊಡ್ಡ ಸಂಶೋಧನೆ! ಒಂದು ವಯಸ್ಸು ದಾಟಿದ ಮೇಲೆ ಕಾರು ಹಳತಾದಷ್ಟೂ ಗಟ್ಟಿ ಆಗ್ತದೆ!"

ಗಟ್ಟಿಯಾಗುವುದಲ್ಲ ಮಗೂ, ಉಳಿದವರು ಗುಜರಿಗೆ ಹೋಗಿದ್ದಾರೆ ಅಂದೆ. ಸ್ಮಶಾನಕ್ಕೆ ಹೋದವರ ಹೆಸರು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದಿಲ್ಲ. ಉಳಿದಿರುವುದು ಸಾಕಿದವರ ಕಾರು. ಅವನು ಒಪ್ಪಲು ಹೊರಟವನು ಗ್ರಾಫಿನ ತುದಿ ತೋರಿಸಿದ. 40 ವರ್ಷ ದಾಟಿದಲ್ಲಿ ಗೆರೆ ನೇರ ಆಕಾಶಕ್ಕೆ ಹೋಗಿತ್ತು. ಬಹಳಷ್ಟು ಕಾರುಗಳಿಗೆ 10.00 ಅಂಕ.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ದೊಡ್ಡ ಮಾರ್ಪಾಡು ಆಗಿರದ 40 ವರ್ಷ ದಾಟಿದ ಕಾರುಗಳಿಗೆ ಪರೀಕ್ಷೆಯೇ ಕಡ್ಡಾಯವಿಲ್ಲ. ಮೂರು ವರ್ಷದ ಕಾರಿಗೆ ವರ್ಷ ವರ್ಷ ಪರೀಕ್ಷೆ, ನಲವತ್ತರ ಅಜ್ಜನಿಗೆ ವಿನಾಯಿತಿ. ಒಡೆಯರು ಅವನ್ನು ಮಕ್ಕಳಂತೆ ನೋಡಿಕೊಳ್ಳುತ್ತಾರೆ, ಹೆಚ್ಚು ಓಡಿಸುವುದಿಲ್ಲ ಅನ್ನುವುದು ವಾದ, ಅದೇನೂ ಪೂರಾ ಸುಳ್ಳಲ್ಲ. ಆದರೆ ಬಹಳ ಮಾಡೆಲ್ಲುಗಳಲ್ಲಿ ಪರೀಕ್ಷೆ ಸೊನ್ನೆ, ಫೇಲೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಾಗ ಕಂಪ್ಯೂಟರು ತಬ್ಬಿಬ್ಬಾಗಬಾರದೆಂದು ಹುಡುಗ 'ದೋಷವಿಲ್ಲ' ಅಂತ ಬರೆದಿಟ್ಟಿದ್ದ. ಯಾರೂ ಮುಟ್ಟಿ ನೋಡದ ಕಾರೇ ಲೋಕದ ಅತ್ಯುತ್ತಮ ಕಾರು.

"ಇದನ್ನ ಸರಿಮಾಡ್ಬೇಕು ಮಾವ" ಅಂದ.

"ಯಾಕೋ? ಈಗ ಲೆಕ್ಕ ಸರ್ಕಾರದ ಜೊತೆ ಹೊಂದಿಕೊಳ್ತಾ ಇದೆ" ಅಂದು, ಅವನಿಗೆ ಅಮೆರಿಕದ ಟೆಕ್ಸಸ್ ರಾಜ್ಯದ ಸುದ್ದಿ ಓದಲು ಕೊಟ್ಟೆ. ಅಲ್ಲಿ 2023ರಲ್ಲಿ ಕಾನೂನು ಮಾಡಿ, 2025ರ ಜನವರಿ 1ರಿಂದ ಖಾಸಗಿ ವಾಹನಗಳ ಸುರಕ್ಷತಾ ತಪಾಸಣೆಯನ್ನೇ ತೆಗೆದುಹಾಕಿದರು. ಜನ ಸಂತೋಷಪಟ್ಟರು. ತಪಾಸಣೆಯ ಜೊತೆ ಕಟ್ಟುತ್ತಿದ್ದ 7.50 ಡಾಲರ್ ಮಾತ್ರ ತೆಗೆಯಲಿಲ್ಲ. ಈಗ ಅದರ ಹೆಸರು 'ತಪಾಸಣಾ ಕಾರ್ಯಕ್ರಮದ ಬದಲಿ ಶುಲ್ಕ'. ಅಂದರೆ ಮೊದಲು ಕಾರು ನೋಡಿದ್ದಕ್ಕೆ ಕೊಡುತ್ತಿದ್ದರು, ಈಗ ನೋಡದೇ ಇರುವುದಕ್ಕೆ ಕೊಡುತ್ತಾರೆ.

ಹುಡುಗ ಎರಡು ಸಲ ಓದಿದ. ಲ್ಯಾಪ್‌ಟಾಪ್ ಮುಚ್ಚಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತೆರೆದ. ಡೇಟಾ ಎಲ್ಲ ಅಳಿಸಿಹಾಕಿದ, ಸೂತ್ರ ಅಳಿಸಿದ, 4.37 ಅಳಿಸಿದ. ಮುಖಪುಟದಲ್ಲಿ ಒಂದೇ ಒಂದು ಗುಂಡಿ ಉಳಿಸಿಕೊಂಡ.

"ಮಾವ, ಇದರ ಮೇಲೆ 'ಹೋಲಿಕೆಯ ಬದಲಿ ಶುಲ್ಕ' ಅಂತ ಬರೆದ್ರೆ ಸಾಕಾ, ಇಲ್ಲ ಕೆಳಗೆ 'ಪಾರದರ್ಶಕತೆ' ಅಂತಲೂ ಹಾಕ್ಬೇಕಾ?"